ಇರುಳಿನ ತಂಗುದಾಣ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ಕನ್ನಡದ ಹಳೆಯ ನಾಣ್ಣುಡಿ. ತಿಳಿವಳಿಕೆಗೆ ಎರಡು ಬಾಗಿಲುಗಳುಂಟು, ಎರಡರಲ್ಲಿಯೂ ಹಾದು ಬಂದವನೇ ಬಲ್ಲವನು ಎಂಬುದು ಅದರ ಅಭಿಪ್ರಾಯ. ಹೆಣ್ಣುಮಕ್ಕಳ ಪಾಲಿಗೆ ಈ ಎರಡು ಬಾಗಿಲುಗಳೂ ಬಹುಕಾಲ ಮುಚ್ಚಿಯೇ ಇದ್ದುವು. ಊರೂರಿಗೆ ಶಾಲೆಗಳು ಬಂದ ಮೇಲೆ ಕೋಶದ ಬಾಗಿಲು ತೆರೆಯಿತು. ದೇಶದ ಬಾಗಿಲಾದರೋ ಇಂದಿಗೂ ಅರೆಯಷ್ಟೇ ತೆರೆದಿದೆ. ಅದನ್ನು ಹಿಡಿದು ನಿಲ್ಲಿಸಿರುವುದು ದಾರಿಯ ದೂರವಲ್ಲ, ಟಿಕೆಟ್ಟಿನ ಹಣವೂ ಅಲ್ಲ; ಒಂದು ಚಿಕ್ಕ ಪ್ರಶ್ನೆ.

ಆ ಪ್ರಶ್ನೆ ಯಾವುದೆಂಬುದನ್ನು ತಿಳಿಯಲು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಸಾಗರದ ಕಡೆಯ ಹಳ್ಳಿಯೊಂದರ ತರುಣಿ ಪದವಿ ಮುಗಿಸಿದ್ದಾಳೆ. ಕಲಬುರಗಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಸಂದರ್ಶನಕ್ಕೆ ಬರಬೇಕೆಂದು ಆಕೆಗೆ ಕಾಗದ ಬಂದಿದೆ. ನಾಡಿನ ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ಹೋಗಬೇಕು. ಹಿಂದಿನ ದಿನವೇ ತಲಪಿ, ಒಂದು ರಾತ್ರಿ ಅಲ್ಲಿ ಉಳಿಯಬೇಕು. ಆ ಊರಿನಲ್ಲಿ ಬಂಧುಗಳಿಲ್ಲ, ಪರಿಚಿತರಿಲ್ಲ. ಕಾಗದವನ್ನು ಓದಿ ಮನೆಯವರೆಲ್ಲ ಸಂತೋಷಪಟ್ಟ ಮೇಲೆ ತಂದೆ ಮೆಲ್ಲಗೆ ಕೇಳುತ್ತಾನೆ: “ಹೋಗುವುದೇನೋ ಸರಿ ಮಗಳೇ, ರಾತ್ರಿ ಎಲ್ಲಿ ಉಳಿಯುತ್ತೀ?”

ಈ ಮಾತಿಗೆ ಉತ್ತರ ದೊರೆಯದೆ ಎಷ್ಟೋ ಕಾಗದಗಳು ಪೆಟ್ಟಿಗೆಯ ತಳವನ್ನು ಸೇರಿವೆ. ಎಷ್ಟೋ ತರಬೇತಿಗಳು, ಪರೀಕ್ಷೆಗಳು, ಉದ್ಯೋಗಗಳು ಒಂದೇ ಒಂದು ರಾತ್ರಿಯ ನೆಲೆಯಿಲ್ಲದೆ ಕೈತಪ್ಪಿ ಹೋಗಿವೆ. ಆದುದರಿಂದ ಹೆಣ್ಣುಮಗಳೊಬ್ಬಳು ಪರಸ್ಥಳದಲ್ಲಿ ಸುರಕ್ಷಿತವಾದ ತಂಗುದಾಣವನ್ನು ಆರಿಸಿಕೊಳ್ಳುವುದು ಹೇಗೆಂಬುದು ಸಣ್ಣ ವಿಷಯವಲ್ಲ. ಅದು ಕಲಿಯಬೇಕಾದ, ಕಲಿಸಬೇಕಾದ ಒಂದು ವಿದ್ಯೆ.

ದಾರಿಹೋಕರಿಗೆ ನೆಲೆ ಕೊಡುವುದು ಪುಣ್ಯಕಾರ್ಯವೆಂಬ ಭಾವನೆ ಈ ನಾಡಿನಲ್ಲಿ ಬಹಳ ಹಿಂದಿನದು. ಸತ್ರಗಳಿಗಾಗಿ ಭೂಮಿಯನ್ನು ಬಿಟ್ಟುದನ್ನು ಕನ್ನಡ ನಾಡಿನ ಶಾಸನಗಳು ಹೇಳುತ್ತವೆ. ಬೇಸಿಗೆಯ ದಾರಿಯಲ್ಲಿ ಅರವಟ್ಟಿಗೆ, ಊರ ಹೊರಗೆ ಛತ್ರ, ಕ್ಷೇತ್ರಗಳಲ್ಲಿ ಧರ್ಮಶಾಲೆ ಇವು ಪ್ರಯಾಣಿಕರ ಆಸರೆಗಳಾಗಿದ್ದುವು. 1767ರಿಂದ 1795ರವರೆಗೆ ಮಾಳವ ದೇಶವನ್ನು ಆಳಿದ ಅಹಲ್ಯಾಬಾಯಿ ಹೋಳ್ಕರರು ತಮ್ಮ ರಾಜ್ಯದ ಎಲ್ಲೆಯನ್ನು ಮೀರಿ ದೂರದ ಯಾತ್ರಾಸ್ಥಳಗಳಲ್ಲಿಯೂ ಧರ್ಮಶಾಲೆಗಳನ್ನು, ಸ್ನಾನಘಟ್ಟಗಳನ್ನು ಕಟ್ಟಿಸಿದರು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಸಮೀಪದಲ್ಲಿ ಕಟ್ಟಿಸಿದ ಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಪರಊರಿನಿಂದ ಬಂದಿಳಿದ ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಅದು ನೆರಳಾಯಿತು.

ಈ ಛತ್ರಗಳಿಗೆ ಭದ್ರವಾದ ಕೋಣೆಗಳಿರಲಿಲ್ಲ, ಕಾವಲುಗಾರರೂ ಹೆಚ್ಚಾಗಿರಲಿಲ್ಲ. ಆದರೂ ಸಂಸಾರವಂದಿಗರು ಅಲ್ಲಿ ನೆಮ್ಮದಿಯಿಂದ ಮಲಗುತ್ತಿದ್ದರು. ಕಾರಣವೇನು? ಅಲ್ಲಿ ಇರುಳೆಲ್ಲ ಒಂದು ದೀಪ ಉರಿಯುತ್ತಿತ್ತು. ಜಗಲಿಯ ತುಂಬ ಜನರಿರುತ್ತಿದ್ದರು. ಹತ್ತು ಮಂದಿಯ ಕಣ್ಣಿರುವಲ್ಲಿ ಕೇಡು ಸುಲಭವಾಗಿ ತಲೆಯೆತ್ತದು. ದೀಪವೂ ಜನವೂ ಸುರಕ್ಷಿತವಾದ ನೆಲೆಯ ಮೊದಲ ಎರಡು ಗುರುತುಗಳು ಎಂಬುದನ್ನು ಛತ್ರಗಳು ಕಲಿಸುತ್ತವೆ.

ಆದರೆ ಛತ್ರಕ್ಕೆ ಬಂದ ಹೆಂಗಸರು ಸಾಮಾನ್ಯವಾಗಿ ಗಂಡ, ಮಕ್ಕಳು, ನೆರೆಹೊರೆಯವರ ಜೊತೆಯಲ್ಲಿ ಬಂದವರು. ಒಬ್ಬಳೇ ಹೊರಟವಳ ದಾರಿ ಬೇರೆಯೇ ಆಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದಳು. ಜನವಿಲ್ಲದ ಪಾಳು ಗುಡಿಗಳೇ ತನಗೆ ಇರುಳಿನ ಆಶ್ರಯವೆಂಬ ಭಾವವನ್ನು ಅವಳ ವಚನವೊಂದರಲ್ಲಿ ಕಾಣಬಹುದು. ಅಕ್ಕನ ಧೈರ್ಯ ಲೋಕೋತ್ತರವಾದುದು. ಆದರೆ ಸಂದರ್ಶನಕ್ಕೆ ಹೊರಟ ಹುಡುಗಿಯಿಂದ ಲೋಕೋತ್ತರವಾದ ಧೈರ್ಯವನ್ನು ಸಮಾಜ ನಿರೀಕ್ಷಿಸಬಾರದು. ಸಾಮಾನ್ಯಳಾದವಳು ಸಾಮಾನ್ಯವಾದ ಧೈರ್ಯದಿಂದಲೇ ಹೋಗಿಬರುವಂತಾಗಬೇಕು, ನಾಗರಿಕತೆಯೆಂದರೆ ಅದೇ.

ಈ ತೊಡಕು ಭಾರತದ್ದು ಮಾತ್ರವೆಂದು ತಿಳಿಯಬಾರದು. ಕ್ರಿಮಿಯದ ಯುದ್ಧದ ಕಾಲದಲ್ಲಿ ಗಾಯಾಳುಗಳ ಆರೈಕೆಗೆ ಹೋಗಿಬರುವ ದಾದಿಯರಿಗೆ ಲಂಡನ್ನಿನಲ್ಲಿ ಇಳಿದುಕೊಳ್ಳಲು ತಕ್ಕ ಸ್ಥಳವೇ ಇರಲಿಲ್ಲ. ಮೇರಿ ಜೇನ್ ಕಿನ್ನೇರ್ಡ್ ಎಂಬ ಮಹಿಳೆ ಅವರಿಗಾಗಿ 1855ರಲ್ಲಿ ಒಂದು ಮನೆಯನ್ನು ತೆರೆದರು. ಇಂದು ವೈ.ಡಬ್ಲ್ಯು.ಸಿ.ಎ. ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿರುವ ಸಂಸ್ಥೆಯ ಮೂಲಗಳಲ್ಲಿ ಆ ಮನೆಯೂ ಒಂದು. ಭಾರತದ ಹಲವು ನಗರಗಳಲ್ಲಿಯೂ ಆ ಸಂಸ್ಥೆಯ ವಸತಿಗೃಹಗಳಿವೆ.

ಅಮೆರಿಕದ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಅನೇಕ ಹೋಟೆಲುಗಳು ರಾತ್ರಿ ಒಂಟಿಯಾಗಿ ಬಂದ ಮಹಿಳೆಗೆ ಕೊಠಡಿ ಕೊಡುತ್ತಿರಲಿಲ್ಲ. ಬೆಂಗಳೂರಿನಲ್ಲಿ ತೋಟದಪ್ಪನವರ ಛತ್ರ ತೆರೆದ 1903ರಲ್ಲಿಯೇ ನ್ಯೂಯಾರ್ಕಿನಲ್ಲಿ ಮಹಿಳೆಯರಿಗಾಗಿಯೇ ‘ಮಾರ್ಥಾ ವಾಷಿಂಗ್ಟನ್’ ಎಂಬ ದೊಡ್ಡ ಹೋಟೆಲು ಪ್ರಾರಂಭವಾಯಿತು. 1907ರಲ್ಲಿ ಅದೇ ನಗರದ ಹೋಟೆಲೊಂದಕ್ಕೆ ಹ್ಯಾರಿಯಟ್ ಸ್ಟ್ಯಾಂಟನ್ ಬ್ಲಾಚ್ ಎಂಬ ಗಣ್ಯ ಮಹಿಳೆ ತಮ್ಮ ಗೆಳತಿಯೊಡನೆ ಊಟಕ್ಕೆ ಹೋದಾಗ, ಪುರುಷರ ಜೊತೆಯಿಲ್ಲವೆಂಬ ಕಾರಣಕ್ಕೆ ಊಟವನ್ನು ನಿರಾಕರಿಸಲಾಯಿತು. ಅವರು ಮೊಕದ್ದಮೆ ಹೂಡಿದರು, ಮರುವರ್ಷ ಸೋತರು. ಸೋತರೂ ಆ ಪ್ರಶ್ನೆ ಸಾಯಲಿಲ್ಲ.

ಭಾರತದ ಸಂವಿಧಾನ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ದೇಶದಲ್ಲೆಲ್ಲ ಸ್ವತಂತ್ರವಾಗಿ ಸಂಚರಿಸುವ ಹಕ್ಕು 19ನೆಯ ವಿಧಿಯಂತೆ ಪ್ರತಿಯೊಬ್ಬ ಪೌರನಿಗೂ ಪೌರಳಿಗೂ ಉಂಟು. ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು ಮೊದಲಾದ ಸ್ಥಳಗಳ ಪ್ರವೇಶಕ್ಕೆ ಕೇವಲ ಜಾತಿ, ಮತ, ಲಿಂಗಗಳ ಕಾರಣದಿಂದ ಯಾರನ್ನೂ ತಡೆಯುವಂತಿಲ್ಲವೆಂದು 15ನೆಯ ವಿಧಿ ಹೇಳುತ್ತದೆ. ಹೋಟೆಲೆಂಬ ಮಾತೇ ಅಲ್ಲಿ ಬಂದಿರುವುದು ಗಮನಾರ್ಹ.

ರೈಲ್ವೆಯ ಕಾನೂನಿನಲ್ಲಿಯೂ ತಿಳಿಯಬೇಕಾದ ಒಂದು ಮಾತುಂಟು. ಟಿಕೆಟ್ಟು ಸರಿಯಿಲ್ಲವೆಂಬ ಕಾರಣಕ್ಕಾಗಿಯೂ, ಪುರುಷರ ಜೊತೆಯಿಲ್ಲದ ಹೆಂಗಸನ್ನಾಗಲಿ ಮಗುವನ್ನಾಗಲಿ ರಾತ್ರಿಯಲ್ಲಿ ಗಾಡಿಯಿಂದ ಇಳಿಸಕೂಡದು ಎಂದು 1989ರ ರೈಲ್ವೆ ಅಧಿನಿಯಮ ವಿಧಿಸಿದೆ. ಇಳಿಸುವುದಾದರೆ ಹಗಲಿನಲ್ಲಿಯೇ ಇಳಿಸಬೇಕು. ಅದೂ ಪ್ರಯಾಣ ಆರಂಭಿಸಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದ ನಿಲ್ದಾಣದಲ್ಲಿ ಮಾತ್ರ. ಬೆಳಕಿರುವ ಹೊತ್ತು, ಜನವಿರುವ ಜಾಗ ಇವೆರಡೇ ರಕ್ಷಣೆಯೆಂಬ ಛತ್ರದ ವಿವೇಕವನ್ನೇ ಕಾನೂನು ತನ್ನ ಮಾತಿನಲ್ಲಿ ಹೇಳಿದೆ.

ಹಕ್ಕು ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ಬಳಸುವ ಜಾಣ್ಮೆಯೂ ಬೇಕು. ಆ ಜಾಣ್ಮೆ ಮನೆಯಲ್ಲಿಯೇ ಆರಂಭವಾಗಬೇಕು. ಹೊಸ ಊರನ್ನು ಹಗಲಿನಲ್ಲಿ ತಲಪುವಂತೆ ಪ್ರಯಾಣವನ್ನು ಗೊತ್ತುಮಾಡಿಕೊಳ್ಳುವುದು ಮೊದಲನೆಯ ಕೆಲಸ. ಸಂಜೆ ನಾಲ್ಕಕ್ಕೆ ಇಳಿದವಳಿಗೆ ಒಂದು ಸ್ಥಳ ಹಿಡಿಸದಿದ್ದರೆ ಬೇರೊಂದನ್ನು ನೋಡಲು ವೇಳೆಯಿರುತ್ತದೆ. ರಾತ್ರಿ ಹನ್ನೊಂದಕ್ಕೆ ಇಳಿದವಳು ಸಿಕ್ಕಿದುದನ್ನೇ ಒಪ್ಪಿಕೊಳ್ಳಬೇಕಾಗುತ್ತದೆ. ಮೊದಲ ರಾತ್ರಿಯ ಕೊಠಡಿಯನ್ನಾದರೂ ಮುಂಚಿತವಾಗಿಯೇ ಕಾದಿರಿಸಬೇಕು. ಕಾದಿರಿಸುವಾಗ ತಾನು ಒಬ್ಬಳೇ ಬರುತ್ತಿರುವೆನೆಂದು ದೂರವಾಣಿಯಲ್ಲಿ ತಿಳಿಸಿ, ಕೊಠಡಿ ಕೊಡುವರೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕೆಲವು ಲಾಡ್ಜುಗಳಲ್ಲಿಯೂ ಕೆಲವು ಯಾತ್ರಾಸ್ಥಳಗಳ ವಸತಿಗೃಹಗಳಲ್ಲಿಯೂ ಒಬ್ಬರೇ ಬಂದವರಿಗೆ ಕೊಠಡಿ ಕೊಡದಿರುವ ರೂಢಿಯುಂಟು. ಆ ರೂಢಿ ಸರಿಯೇ ಎಂಬ ಚರ್ಚೆಯನ್ನು ಹಗಲಿನಲ್ಲಿ, ಮನೆಯಲ್ಲಿ ಕುಳಿತು ಮಾಡಬಹುದು. ಕತ್ತಲಾದ ಮೇಲೆ ಚೀಲ ಹಿಡಿದು ಬೀದಿಯಲ್ಲಿ ನಿಂತು ಮಾಡುವುದು ಕಷ್ಟ.

ಸ್ಥಳವನ್ನು ಆರಿಸುವಾಗ ಬಾಡಿಗೆಯೊಂದನ್ನೇ ನೋಡಬಾರದು. ಊರ ಹೊರಗಿನ ನಿರ್ಜನ ರಸ್ತೆಯ ಬಂಗಲೆಗಿಂತ, ಹಣ್ಣಿನಂಗಡಿ, ಔಷಧದಂಗಡಿಗಳು ತಡವಾಗಿ ಮುಚ್ಚುವ ಬೀದಿಯ ಸಾಧಾರಣ ವಸತಿಗೃಹವೇ ಲೇಸು. ಬಸ್ಸು ಇಳಿದು ನಡೆಯಬೇಕಾದ ದಾರಿಯಲ್ಲಿ ದೀಪಗಳಿವೆಯೇ ಎಂಬುದನ್ನು ವಿಚಾರಿಸಬೇಕು. ಸಂಸಾರವಂದಿಗರು ಇಳಿದುಕೊಳ್ಳುವ, ಮಹಿಳಾ ಸಿಬ್ಬಂದಿಯಿರುವ ಸ್ಥಳ ಉತ್ತಮ. ಮೊದಲು ಅಲ್ಲಿ ತಂಗಿದ್ದ ಮಹಿಳೆಯರ ಅಭಿಪ್ರಾಯ ಜಾಹೀರಾತಿನ ಚಿತ್ರಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ದೃಢಪಟ್ಟ ಟಿಕೆಟ್ಟುಳ್ಳವರಿಗೆ ದೊಡ್ಡ ರೈಲು ನಿಲ್ದಾಣಗಳಲ್ಲಿ ವಿಶ್ರಾಂತಿ ಕೊಠಡಿಗಳುಂಟು. ಮನೆವಾಸದ ವಸತಿಯಾದರೆ ಅದು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ, ಆ ಮನೆಯಲ್ಲಿ ಕುಟುಂಬ ವಾಸವಾಗಿದೆಯೇ ಎಂದು ಕೇಳಬೇಕು.

ಸುರಕ್ಷಿತವಾದ ನೆಲೆಯ ಮೂರನೆಯ ಗುರುತು ದಾಖಲೆ. ಬಂದವರ ಹೆಸರು, ವಿಳಾಸ, ಗುರುತಿನ ಚೀಟಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ವಸತಿಗೃಹವನ್ನು ಕಂಡು ಕೆಲವರು ಬೇಸರಪಡುತ್ತಾರೆ. ಬೇಸರಪಡಬೇಕಾದುದು ಏನನ್ನೂ ಬರೆದುಕೊಳ್ಳದ ಸ್ಥಳದ ವಿಷಯದಲ್ಲಿ. ಅಲ್ಲಿ ಪಕ್ಕದ ಕೊಠಡಿಯಲ್ಲಿ ಯಾರಿರುವರೆಂಬುದು ಮಾಲೀಕನಿಗೇ ತಿಳಿದಿರುವುದಿಲ್ಲ. ಇದೇ ರೀತಿ ಪ್ರಯಾಣಿಕಳ ಕಡೆಯ ದಾಖಲೆಯೂ ಉಂಟು. ವಸತಿಗೃಹದ ಹೆಸರು, ದೂರವಾಣಿ ಸಂಖ್ಯೆ, ತಲಪುವ ವೇಳೆ ಇವನ್ನು ಮನೆಯವರಿಗೆ ಬರೆದು ಕೊಡಬೇಕು, ತಲಪಿದೊಡನೆ ತಿಳಿಸಬೇಕು. ಹತ್ತಿದ ಆಟೋರಿಕ್ಷಾ ಅಥವಾ ಕಾರಿನ ಸಂಖ್ಯೆಯನ್ನು ಸಂದೇಶದಲ್ಲಿ ಕಳುಹಿಸುವುದು ಅರೆಗಳಿಗೆಯ ಕೆಲಸ. ತಾನಿರುವ ಸ್ಥಳ ಒಬ್ಬ ಆಪ್ತರಿಗಾದರೂ ತಿಳಿದಿದೆಯೆಂಬುದೇ ದೊಡ್ಡ ಬಲ.

ನಾಲ್ಕನೆಯ ಗುರುತು ಅಗಳಿ. ಹಣ ಕೊಡುವ ಮೊದಲು ಕೊಠಡಿಯನ್ನು ಕಣ್ಣಾರೆ ನೋಡುವುದು ಪ್ರಯಾಣಿಕಳ ಹಕ್ಕು, ಅದಕ್ಕೆ ಸಂಕೋಚಪಡಬೇಕಾಗಿಲ್ಲ. ಬಾಗಿಲಿಗೆ ಬೀಗವಲ್ಲದೆ ಒಳಗಿನಿಂದ ಹಾಕುವ ಭದ್ರವಾದ ಅಗಳಿ ಇದೆಯೇ? ಕಿಟಕಿಯನ್ನು ಒಳಗಿನಿಂದ ಮುಚ್ಚಿ ಚಿಲಕ ಹಾಕಬಹುದೇ? ಪಕ್ಕದ ಕೊಠಡಿಗೆ ತೆರೆಯುವ ನಡುಬಾಗಿಲು ಇದ್ದರೆ ಅದು ಭದ್ರವಾಗಿ ಮುಚ್ಚಿದೆಯೇ? ಹೊರಗೆ ಯಾರು ನಿಂತಿರುವರೆಂದು ನೋಡಲು ಬಾಗಿಲಲ್ಲಿ ಕಿಂಡಿಯಿದೆಯೇ? ಸ್ನಾನದ ಮನೆಯಲ್ಲಿ, ಹಾಸಿಗೆಯ ಎದುರಿನ ಗೋಡೆಯಲ್ಲಿ ಅನುಮಾನಕ್ಕೆ ಎಡೆಗೊಡುವ ರಂಧ್ರವಾಗಲಿ ಉಪಕರಣವಾಗಲಿ ಕಾಣುತ್ತದೆಯೇ? ಮರೆಯಲ್ಲಿಡುವ ಚಿಕ್ಕ ಕ್ಯಾಮೆರಾಗಳ ಈ ಕಾಲದಲ್ಲಿ ಅದನ್ನೂ ನೋಡಬೇಕಾಗಿದೆ. ನೆಲ ಅಂತಸ್ತಿನ ಕೊಠಡಿಯ ಕಿಟಕಿ ಬೀದಿಯವರ ಕೈಗೆಟಕುತ್ತದೆ. ಉದ್ದನೆಯ ವರಾಂಡದ ಕೊನೆಯ ಕೊಠಡಿಯ ಕೂಗು ಯಾರಿಗೂ ಕೇಳಿಸದು. ಮೊದಲನೆಯ ಇಲ್ಲವೆ ಎರಡನೆಯ ಮಹಡಿಯಲ್ಲಿ, ಮೆಟ್ಟಿಲಿಗೆ ಸಮೀಪವಾದ ಕೊಠಡಿ ಒಳ್ಳೆಯದು. ಬೆಂಕಿಯೇ ಮೊದಲಾದ ಅಪಾಯ ಬಂದರೆ ಇಳಿದು ಹೋಗುವ ದಾರಿಯನ್ನೂ ಒಮ್ಮೆ ನಡೆದು ನೋಡಬೇಕು.

ಕೊಠಡಿ ದೊರೆತ ಮೇಲೆಯೂ ಕೆಲವು ಎಚ್ಚರಗಳುಂಟು. ಮೊಗಸಾಲೆಯಲ್ಲಿ ಹತ್ತು ಜನರಿಗೆ ಕೇಳಿಸುವಂತೆ ಕೊಠಡಿಯ ಸಂಖ್ಯೆಯನ್ನು ಕೂಗಿ ಹೇಳಿದರೆ, ಬೇರೆ ಕೊಠಡಿ ಕೊಡಿರೆಂದು ವಿನಯದಿಂದ ಕೇಳಬಹುದು. ದಾರಿಯಲ್ಲಿ ಪರಿಚಯವಾದವರು ಎಷ್ಟೇ ಸಜ್ಜನರಾಗಿ ತೋರಿದರೂ ಎಲ್ಲಿ ಇಳಿದುಕೊಂಡಿರುವೆನೆಂಬುದನ್ನು ಅವರಿಗೆ ಹೇಳಬೇಕಾದ ಅಗತ್ಯವಿಲ್ಲ. ರಾತ್ರಿ ಯಾರಾದರೂ ಬಾಗಿಲು ಬಡಿದು ತಾವು ವಸತಿಗೃಹದವರೆಂದು ಹೇಳಿದರೆ, ಬಾಗಿಲು ತೆರೆಯುವ ಮೊದಲು ಕಚೇರಿಗೆ ದೂರವಾಣಿ ಮಾಡಿ ವಿಚಾರಿಸಬೇಕು. ಹಣವನ್ನು ಒಂದೇ ಕಡೆ ಇಡದೆ ಎರಡು ಕಡೆ ಹಂಚಿ ಇಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಸ್ಥಳವನ್ನು ಹೊಕ್ಕೊಡನೆ ಕಾರಣ ಹೇಳಲಾಗದಿದ್ದರೂ ಮನಸ್ಸು ಹಿಂದೆಗೆದರೆ ಆ ಹಿಂದೆಗೆತವನ್ನು ಅಲ್ಲಗಳೆಯಬಾರದು. ಕೊಟ್ಟ ಮುಂಗಡ ಹೋದರೂ ಸರಿ, ಹೊರಟು ಬರಬೇಕು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎಂಬ ಗಾದೆ ಒರಟಾಗಿದ್ದರೂ ಅದರ ವಿವೇಕ ನಿಜವಾದುದು. ಮುಲಾಜಿಗೆ ಒಳಗಾಗಿ ಒಪ್ಪಿಕೊಂಡುದರ ಕಷ್ಟವನ್ನು ಒಪ್ಪಿಕೊಂಡವಳೇ ಅನುಭವಿಸಬೇಕಾಗುತ್ತದೆ.

ಎಷ್ಟೇ ಎಚ್ಚರವಹಿಸಿದರೂ ಬಸ್ಸು ಕೆಡಬಹುದು, ಗಾಡಿ ತಡವಾಗಬಹುದು, ಕಾದಿರಿಸಿದ ಕೊಠಡಿಯೇ ಇಲ್ಲವೆನ್ನಬಹುದು. ಆಗ ಕಂಗೆಡಬಾರದು. ಅಪರಿಚಿತರ ಹಿಂದೆ ಕತ್ತಲ ಬೀದಿಗಳಲ್ಲಿ ಕೊಠಡಿ ಹುಡುಕುತ್ತ ಅಲೆಯುವುದಕ್ಕಿಂತ, ದೀಪವೂ ಜನವೂ ಇರುವ ನಿಲ್ದಾಣದ ಮಹಿಳೆಯರ ನಿರೀಕ್ಷಣಾ ಕೊಠಡಿಯಲ್ಲಿ ಕುಳಿತು ಬೆಳಗು ಮಾಡುವುದು ಮೇಲು. ಆಪತ್ತಿನಲ್ಲಿ ಪೊಲೀಸರ ನೆರವಿಗೆ 112, ರೈಲಿನಲ್ಲಿ 139, ಮಹಿಳಾ ಸಹಾಯವಾಣಿಗೆ 181 ಈ ಮೂರು ಸಂಖ್ಯೆಗಳು ಪ್ರತಿಯೊಬ್ಬ ಹೆಣ್ಣುಮಗಳಿಗೂ ಬಾಯಿಪಾಠವಾಗಿರಬೇಕು. ಸಹಾಯ ಕೇಳುವುದು ದೌರ್ಬಲ್ಯವಲ್ಲ.

ಇಷ್ಟೆಲ್ಲ ಎಚ್ಚರಗಳ ಪಟ್ಟಿಯನ್ನು ಕಂಡು, ‘ಇಷ್ಟು ತಾಪತ್ರಯಕ್ಕಿಂತ ಹೆಣ್ಣುಮಕ್ಕಳು ಮನೆಯಲ್ಲಿರುವುದೇ ಮೇಲಲ್ಲವೇ?’ ಎಂದು ಕೆಲವರು ಕೇಳಬಹುದು. ಹೊಳೆ ದಾಟುವವನು ಅಂಬಿಗನನ್ನೂ ದೋಣಿಯನ್ನೂ ನೋಡಿ ಏರುತ್ತಾನೆ. ಹಾಗೆ ನೋಡುವುದು ಹೊಳೆಯನ್ನು ದಾಟಬೇಕೆಂಬುದಕ್ಕಾಗಿಯೇ ಹೊರತು ದಡದಲ್ಲಿ ಉಳಿಯಬೇಕೆಂಬುದಕ್ಕಲ್ಲ. ಎಚ್ಚರಿಕೆ ಬೇರೆ, ಅಂಜಿಕೆ ಬೇರೆ. ಅಂಜಿಕೆ ಕಾಲನ್ನು ಕಟ್ಟುತ್ತದೆ. ಎಚ್ಚರಿಕೆ ಕಣ್ಣನ್ನು ತೆರೆಸುತ್ತದೆ.

ಇನ್ನೊಂದು ಮಾತನ್ನೂ ಮರೆಯಬಾರದು. ಎಲ್ಲ ಎಚ್ಚರಗಳನ್ನೂ ವಹಿಸಿದ ಮೇಲೆಯೂ ಯಾರಾದರೂ ಕೇಡು ಬಗೆದರೆ, ತಪ್ಪು ಕೇಡು ಬಗೆದವನದೇ ಹೊರತು ಪಯಣ ಹೊರಟವಳದಲ್ಲ. ಆಕೆ ಯಾವುದಾದರೊಂದು ಎಚ್ಚರವನ್ನು ಮರೆತಿದ್ದರೂ ಈ ಮಾತು ಬದಲಾಗುವುದಿಲ್ಲ. ಮನೆಯ ಬಾಗಿಲಿಗೆ ಬೀಗ ಹಾಕಲು ಮರೆತವನು ಕಳ್ಳನಾಗುವುದಿಲ್ಲ. ಆದುದರಿಂದ ಈ ಪಾಠ ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ಸಲ್ಲುತ್ತದೆ. ಇಂದಿನ ಹುಡುಗರೇ ನಾಳೆ ವಸತಿಗೃಹದ ವ್ಯವಸ್ಥಾಪಕರು, ಬಸ್ಸಿನ ನಿರ್ವಾಹಕರು, ಆಟೋರಿಕ್ಷಾ ಚಾಲಕರು, ಪೊಲೀಸ್ ಅಧಿಕಾರಿಗಳು. ಒಬ್ಬಳೇ ಬಂದ ಪ್ರಯಾಣಿಕಳನ್ನು ಸಂಶಯದಿಂದ ನೋಡದೆ, ಅಡ್ಡ ಪ್ರಶ್ನೆಗಳನ್ನು ಕೇಳದೆ, ಬೀಗದ ಕೈಯನ್ನು ಗೌರವದಿಂದ ಕೊಡುವವನು ಛತ್ರ ಕಟ್ಟಿಸಿದ ಹಿರಿಯರ ನಿಜವಾದ ವಾರಸುದಾರ.

ಕರ್ನಾಟಕದಲ್ಲಿ 2023ರ ಜೂನ್ 11ರಂದು ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಆರಂಭವಾಯಿತು. ಊರಿನ ಎಲ್ಲೆಯನ್ನೇ ದಾಟದಿದ್ದ ಎಷ್ಟೋ ಮಹಿಳೆಯರು ಅಂದಿನಿಂದ ಬಸ್ಸು ಹತ್ತಿದರು. ದಾರಿಯ ವೆಚ್ಚ ಕಡಮೆಯಾಯಿತು. ಇನ್ನು ದಾರಿಯ ಕೊನೆಯಲ್ಲಿ ಒಂದು ನಂಬಿಕೆಯ ಬಾಗಿಲು ತೆರೆದಿರಬೇಕು.

ಸಾಗರದ ಕಡೆಯ ಆ ತರುಣಿಯ ಮನೆಗೆ ಮರಳಿದರೆ, ತಂದೆಯ ಪ್ರಶ್ನೆ ಇನ್ನೂ ಗಾಳಿಯಲ್ಲಿಯೇ ನಿಂತಿದೆ. ಆದರೆ ಈ ಸಲ ಆಕೆ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ. ಒಂದು ಚೀಟಿಯನ್ನು ತಂದೆಯ ಕೈಯಲ್ಲಿಟ್ಟು ಹೀಗೆನ್ನಬಹುದು: “ಉಳಿಯುವ ಸ್ಥಳದ ಹೆಸರು, ಫೋನ್ ನಂಬರು ಇದರಲ್ಲಿದೆ ಅಪ್ಪಯ್ಯ. ಒಬ್ಬಳೇ ಬರುತ್ತೇನೆಂದು ಹೇಳಿ ಕೊಠಡಿ ಗೊತ್ತುಮಾಡಿದ್ದೇನೆ. ಬಸ್ಸು ನಿಲ್ದಾಣದ ಹತ್ತಿರದ ದೊಡ್ಡ ಬೀದಿಯಲ್ಲಿಯೇ ಇದೆ. ಬೆಳಕಿರುವಾಗಲೇ ತಲಪುತ್ತೇನೆ, ತಲಪಿದೊಡನೆ ಫೋನ್ ಮಾಡುತ್ತೇನೆ.” ಚೀಟಿಯನ್ನು ಎರಡು ಸಲ ಓದಿದ ತಂದೆ ಅದನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಳ್ಳುತ್ತಾನೆ, ಮಗಳ ಚೀಲವನ್ನು ತಾನೇ ಎತ್ತಿಕೊಂಡು ಬಸ್ಸಿನ ದಾರಿಯ ಕಡೆಗೆ ನಡೆಯುತ್ತಾನೆ.

ಪದಗಳ ಅರ್ಥ

ಅರವಟ್ಟಿಗೆ – ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಸ್ಥಳ
ಸತ್ರ – ಪ್ರಯಾಣಿಕರಿಗೆ ಅನ್ನ, ವಸತಿ ಕೊಡುವ ಸ್ಥಳ, ಛತ್ರ
ಅಗಳಿ – ಬಾಗಿಲಿಗೆ ಒಳಗಿನಿಂದ ಅಡ್ಡವಾಗಿ ಹಾಕುವ ಪಟ್ಟಿ
ಮೊಗಸಾಲೆ – ಕಟ್ಟಡದ ಮುಂಭಾಗದ ಹಜಾರ
ಲೋಕೋತ್ತರ – ಸಾಮಾನ್ಯರನ್ನು ಮೀರಿದ
ವಾರಸುದಾರ – ಹಕ್ಕುದಾರ, ಉತ್ತರಾಧಿಕಾರಿ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ತರುಣಿಯ ತಂದೆ ಕೇಳಿದ ಪ್ರಶ್ನೆ ಯಾವುದು?
2. ಗುಬ್ಬಿ ತೋಟದಪ್ಪನವರ ಛತ್ರವನ್ನು ಉದ್ಘಾಟಿಸಿದವರು ಯಾರು?
3. ಸುರಕ್ಷಿತವಾದ ನೆಲೆಯ ನಾಲ್ಕು ಗುರುತುಗಳು ಯಾವುವು?

ಆ. ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹೊಸ ಊರನ್ನು ಹಗಲಿನಲ್ಲಿ ತಲಪಬೇಕೆನ್ನಲು ಕಾರಣವೇನು?
2. ಛತ್ರದ ವಿವೇಕವನ್ನೇ ರೈಲ್ವೆಯ ಕಾನೂನು ಹೇಳಿದೆಯೆಂಬುದನ್ನು ವಿವರಿಸಿರಿ.
3. ಈ ಪಾಠ ಹುಡುಗರಿಗೂ ಸಲ್ಲುತ್ತದೆ ಎಂಬ ಮಾತನ್ನು ಸಮರ್ಥಿಸಿರಿ.

ಇ. ಸಂದರ್ಭದೊಡನೆ ವಿವರಿಸಿರಿ.
1. “ಅಂಜಿಕೆ ಕಾಲನ್ನು ಕಟ್ಟುತ್ತದೆ, ಎಚ್ಚರಿಕೆ ಕಣ್ಣನ್ನು ತೆರೆಸುತ್ತದೆ.”
2. “ಮನೆಯ ಬಾಗಿಲಿಗೆ ಬೀಗ ಹಾಕಲು ಮರೆತವನು ಕಳ್ಳನಾಗುವುದಿಲ್ಲ.”

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ತಂಗುದಾಣ, ವಿದ್ಯಾರ್ಥಿ, ಬೇರೊಂದು, ಕಿಟಕಿಯನ್ನು

ಉ. ನಿಮ್ಮ ಊರಿಗೆ ಒಬ್ಬಳೇ ಬರುವ ಪ್ರಯಾಣಿಕಳು ನೆಮ್ಮದಿಯಿಂದ ಉಳಿಯುವಂತಾಗಲು ಏನೇನು ಏರ್ಪಾಡುಗಳಾಗಬೇಕೆಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೆ ಒಂದು ಪತ್ರ ಬರೆಯಿರಿ.